ಒಂದು ದೀರ್ಘಕ್ಕೆ ಬದಲಾಗುವ ದೇವರು

ಕನ್ನಡ ವಿಕಿಪೀಡಿಯದ ಯಾವುದಾದರೊಂದು ಪುಟ ತೆರೆಯಿರಿ. ಅದರ ವಿಳಾಸದ ಕೊನೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ, ಆಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಯೂಸ್‌ಲ್ಯಾಂಗ್’, ಒಂದು ಸಮಚಿಹ್ನೆ, ಅದರ ಮುಂದೆ ‘ಕ್ಯೂಕ್ಯೂಎಕ್ಸ್’ ಎಂಬ ಮೂರಕ್ಷರ ಸೇರಿಸಿ ಎಂಟರ್ ಒತ್ತಿ. ಲೇಖನ ಇದ್ದಂತೆಯೇ ಇರುತ್ತದೆ. ಅದರ ಸುತ್ತ ಇದ್ದ ‘ಸಂಪಾದಿಸಿ’, ‘ಇತಿಹಾಸ’ ಇತ್ಯಾದಿ ಮಾತುಗಳು ಮಾತ್ರ ಮಾಯವಾಗಿ, ಆ ಜಾಗದಲ್ಲಿ ಕಂಸದೊಳಗೆ ಕೂತ ಒಂದೊಂದು ವಿಚಿತ್ರ ಹೆಸರು ಕಾಣುತ್ತದೆ. ಸುಣ್ಣ ಕೆರೆದ ಮೇಲೆ ಗೋಡೆಯ ಕಲ್ಲು ಕಂಡ ಹಾಗೆ.

ನಾವು ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಓದುವ ಕನ್ನಡದ ಗುಂಡಿಗಳ ಹಿಂದೆಲ್ಲ ಇರುವುದು ಇಂಥ ಹೆಸರೇ. ಪುಟ ಬರೆದವನು ಅಲ್ಲಿ ಮಾತನ್ನು ಬರೆದಿರುವುದಿಲ್ಲ, ಮಾತಿನ ಗುರುತನ್ನು ಬರೆದಿರುತ್ತಾನೆ. ಇಂಗ್ಲಿಷಿನಲ್ಲಿ ಅದಕ್ಕೆ ‘ಕೀ’ ಅನ್ನುತ್ತಾರೆ. ನಮ್ಮ ಬಾಗಲಕೋಟೆ ಕಡೆ ಕೀಲಿ ಅಂದರೆ ಬೀಗ, ಅದನ್ನು ತೆಗೆಯುವುದು ಕೀಲಿಕೈ. ಹಾಗಾಗಿ ನಾನು ಕೀಲಿಕೈ ಅಂತಲೇ ಕರೆಯುತ್ತೇನೆ. ಪ್ರತಿ ಭಾಷೆಗೂ ಒಂದು ಪ್ರತ್ಯೇಕ ಕಡತ. ಅದರಲ್ಲಿ ಎಡಕ್ಕೆ ಕೀಲಿಕೈ, ಬಲಕ್ಕೆ ಆ ಭಾಷೆಯ ಮಾತು. ಪುಟ ತೆರೆದಾಗ ಬ್ರೌಸರು ಆ ಕಡತವನ್ನು ಎಲ್ಲಿಂದಲೋ ತರಿಸಿಕೊಳ್ಳುತ್ತದೆ. ತಂದದ್ದನ್ನು ಅದರದರ ಜಾಗಕ್ಕೆ ಹೊಂದಿಸಿ ಕೂರಿಸಲು ಒಂದು ಲೈಬ್ರರಿ, ಅಂದರೆ ಯಾರೋ ಮೊದಲೇ ಬರೆದಿಟ್ಟ ಪುಟ್ಟ ಪ್ರೋಗ್ರಾಮು, ಇರುತ್ತದೆ. ವಿಕಿಮೀಡಿಯದವರು ತಮ್ಮ ಬಳಕೆಗೆ ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟಿರುವ ಇಂಥ ಒಂದು ಲೈಬ್ರರಿಯ ಹೆಸರು ‘ಬನಾನಾ’. ಬಾಳೆಹಣ್ಣಿಗೂ ಅನುವಾದಕ್ಕೂ ಏನು ಸಂಬಂಧ ಎಂದು ಕೇಳಬೇಡಿ. ಈ ಲೋಕದಲ್ಲಿ ಹೆಸರುಗಳಿಗೆ ಕಾರಣ ಹುಡುಕುವುದು ಕಷ್ಟ.

ಐಹೊಳೆಯಲ್ಲೂ ಹಾಗೆಯೇ. ನನ್ನ ಪಿಎಚ್.ಡಿ. ವಿಷಯ ಮಲಪ್ರಭಾ ದಂಡೆಯ ಶಾಸನಗಳಲ್ಲಿನ ಸ್ಥಳನಾಮಗಳು. ಓದಿದ್ದು ಭಾಷಾವಿಜ್ಞಾನ, ಹೊಟ್ಟೆಪಾಡಿಗೆ ಕಲಿತಿದ್ದು ಒಂದಿಷ್ಟು ಜಾವಾಸ್ಕ್ರಿಪ್ಟ್. ಫೆಲೋಶಿಪ್ ಹಣ ಯಾವ ತಿಂಗಳು ಬರುತ್ತದೆಂದು ಬಲ್ಲವರಿಲ್ಲವಾದ್ದರಿಂದ ಎರಡನೆಯದು ಕೈಬಿಡಲಾಗಿಲ್ಲ. ಎರಡು ವರ್ಷದ ಹಿಂದೆ ಇವೆರಡೂ ಒಂದೇ ಕೆಲಸದಲ್ಲಿ ಕೂಡಿದವು. ಹುನಗುಂದ, ಇಳಕಲ್, ಗುಳೇದಗುಡ್ಡದ ಕಡೆಯಿಂದ ಶಾಲೆಯ ಮಕ್ಕಳು ಐಹೊಳೆಗೆ ಟ್ರಿಪ್ಪಿಗೆ ಬರುತ್ತಾರೆ. ಮೇಷ್ಟ್ರ ಫೋನಿನಲ್ಲಿ ತೆರೆದುಕೊಳ್ಳುವ ಒಂದು ಪುಟ, ಅದರಲ್ಲಿ ಗುಡಿಗಳ ನಕ್ಷೆ, ಒಂದೊಂದಕ್ಕೂ ನಾಲ್ಕು ಸಾಲು ಮಾಹಿತಿ. ಕನ್ನಡ, ಇಂಗ್ಲಿಷ್, ಮರಾಠಿ. ಪುಟಕ್ಕೆ ಕರೆದೊಯ್ಯುವ ಚೌಕುಳಿ ಕೋಡನ್ನು ಅಂಟಿಸಲು ಗೋಡೆ ಕೊಟ್ಟಿದ್ದು ನಮ್ಮ ಕಾಕಾ. ಅವನ ಮನೆಯ ಮುಂಭಾಗವೇ ಕಾಕುವಿನ ಖಾನಾವಳಿ. ಕಾಕಾ ನಲವತ್ತು ವರ್ಷದಿಂದ ಊರಿಗೆ ಬಂದವರಿಗೆ ಗುಡಿ ತೋರಿಸುತ್ತಾನೆ. ಲೈಸೆನ್ಸ್ ಇಲ್ಲ, ಕೊಟ್ಟಷ್ಟು ತೊಗೊಳ್ಳುತ್ತಾನೆ.

ಮೊದಲ ದಿನ ಪುಟದ ಮೇಲೆ ಗುಡಿಗಳ ಹೆಸರು ತೋರಿಸಿದಾಗ ಕಾಕಾ ಕನ್ನಡಕ ಹಣೆಗೇರಿಸಿ ಅಂದ:

“ದುರ್ಗದ ಗುಡಿ ಅನ್ನು ಯವ್ವಾ, ದುರ್ಗಾ ಗುಡಿ ಅನಬ್ಯಾಡ. ಒಂದು ದೀರ್ಘಕ್ಕ ದೇವರ ಬದಲಾಗ್ತಾನ.”

ಐಹೊಳೆಯ ಅತಿ ಪ್ರಸಿದ್ಧ ಗುಡಿಯ ಕತೆ ಇದು. ಆನೆಯ ಬೆನ್ನಿನಂತೆ ದುಂಡಗೆ ಮುಗಿಯುವ ಹಿಂಭಾಗ, ಸುತ್ತಲೂ ಕಂಬಗಳ ಪ್ರದಕ್ಷಿಣಾಪಥ. ಕ್ಯಾಲೆಂಡರುಗಳ ಮೇಲೆ ನೀವು ನೋಡಿಯೇ ಇರುತ್ತೀರಿ. ಅದರ ಹೆಸರಿನಲ್ಲಿರುವುದು ದೇವಿಯಲ್ಲ, ದುರ್ಗ, ಅಂದರೆ ಕೋಟೆ. ಮೂಲದಲ್ಲಿ ಅದು ಆದಿತ್ಯನ ಗುಡಿಯಾಗಿತ್ತೆಂಬುದು ಅಲ್ಲಿಯ ಶಾಸನ ಓದಿದ ವಿದ್ವಾಂಸರ ಅಭಿಪ್ರಾಯ. ಈ ಒಂದೇ ಗುಡಿಯನ್ನು ಯಾರು ಯಾರು ಹೇಗೆ ಹೇಗೆ ಅರ್ಥಮಾಡಿಕೊಂಡರು ಎಂಬುದನ್ನೇ ಗ್ಯಾರಿ ಮೈಕಲ್ ಟಾರ್ಟಕೋವ್ ಒಂದು ಪುಸ್ತಕವಾಗಿ ಬರೆದರು, 1997ರಲ್ಲಿ. ಆದರೆ ಕನ್ನಡದ ‘ದುರ್ಗ’ ಇಂಗ್ಲಿಷಿಗೆ ಹೋದಾಗ ಹ್ರಸ್ವ ದೀರ್ಘ ಎರಡಕ್ಕೂ ಒಂದೇ ‘ಎ’. ಇಂಗ್ಲಿಷಿನಿಂದ ಕನ್ನಡಕ್ಕೆ, ಮರಾಠಿಗೆ, ಹಿಂದಿಗೆ ಮರಳುವಾಗ ಅದು ದುರ್ಗಾದೇವಿಯಾಗಿರುತ್ತದೆ. ಪ್ರದಕ್ಷಿಣಾಪಥದ ಒಂದು ಗೂಡಿನಲ್ಲಿ ಮಹಿಷಮರ್ದಿನಿಯ ಚೆಂದದ ಮೂರ್ತಿ ಬೇರೆ ಇದೆ. ಬಂದವರು ಅದನ್ನು ನೋಡಿ ‘ಸರಿಯಾಗೇ ಹೇಳಿದ್ದಾರೆ’ ಅಂದುಕೊಂಡು ಕೈಮುಗಿದು ಹೋಗುತ್ತಾರೆ. ಇತ್ತ ನಿಜಕ್ಕೂ ದೇವಿಯದಾಗಿದ್ದ, ಬಾಗಿಲ ಮೇಲೆ ಗಜಲಕ್ಷ್ಮಿ ಇರುವ ಗುಡಿಗೆ ಹೆಸರು ಗೌಡರ ಗುಡಿ. ಅದರ ಪಕ್ಕದ್ದಕ್ಕೆ ಲಾಡಖಾನ್ ಗುಡಿ. ಆ ಹೆಸರಿನವನೊಬ್ಬ ಅದನ್ನೇ ಮನೆ ಮಾಡಿಕೊಂಡಿದ್ದನಂತೆ. ಬಡಿಗೇರ ಗುಡಿ, ಅಂಬಿಗೇರ ಗುಡಿ, ಹುಚ್ಚಪ್ಪಯ್ಯನ ಗುಡಿ, ಹುಚ್ಚಿಮಲ್ಲಿ ಗುಡಿ. ಕಟ್ಟಿದ ಕಾಲಕ್ಕೆ ಏನೆಂದು ಕರೆದರೋ, ಈಗ ಉಳಿದಿರುವುದು ಗುರುತಿಗೆ ಇಟ್ಟುಕೊಂಡ ಈ ಹೆಸರುಗಳು. ಶುದ್ಧ ಕೀಲಿಕೈಗಳು. ಅವು ತೆರೆಯುತ್ತಿದ್ದ ಬಾಗಿಲು ಎಷ್ಟೋ ಸಲ ಇಲ್ಲ.

ಪುಟ ಕಟ್ಟುವಾಗ ಮೊದಲು ಎದುರಾದದ್ದು ನೆಟ್‌ವರ್ಕು. ಮೇಗುಟಿ ಗುಡ್ಡದ ಕಡೆ ಸಿಗ್ನಲ್ ಬಂದರೆ ಬಂತು. ಭಾಷೆಯ ಕಡತ ಬರುವುದು ತಡವಾದರೆ ತೆರೆಯ ಮೇಲೆ ಬರೀ ಕೀಲಿಕೈಗಳ ಇಂಗ್ಲಿಷ್ ಅಕ್ಷರಗಳು. ಇದಕ್ಕೆ ಎಲ್ಲರೂ ಮಾಡುವ ಉಪಾಯವೊಂದಿದೆ. ಒಂದು ಭಾಷೆಯನ್ನು ಪುಟದ ಜೊತೆಯಲ್ಲೇ ಕಟ್ಟಿಕೊಡುವುದು, ಉಳಿದವನ್ನು ಆಮೇಲೆ ತರಿಸುವುದು. ತರಿಸಿದ್ದು ಬರದಿದ್ದರೆ, ಅಥವಾ ಬಂದ ಕಡತದಲ್ಲಿ ಯಾವುದೋ ಒಂದು ಮಾತು ಇಲ್ಲದಿದ್ದರೆ, ಲೈಬ್ರರಿ ಆ ಮೊದಲ ಭಾಷೆಯ ಮಾತನ್ನು ಸದ್ದಿಲ್ಲದೆ ತಂದು ಕೂರಿಸುತ್ತದೆ. ಬನಾನಾದಲ್ಲಿ ಇದಕ್ಕಿರುವ ಹೆಸರು ‘ಫೈನಲ್ ಫಾಲ್‌ಬ್ಯಾಕ್’. ಕಟ್ಟಕಡೆಯ ಆಸರೆ ಅನ್ನಬಹುದು. ನಾವೇನೂ ಹೇಳದಿದ್ದರೆ ಆ ಆಸರೆ ಇಂಗ್ಲಿಷ್.

ಈ ಸದ್ದಿಲ್ಲದಿರುವಿಕೆ ನನಗೆ ಹಿಡಿಸುವುದಿಲ್ಲ. ಇಡೀ ಪುಟ ಕನ್ನಡದಲ್ಲಿದ್ದು ನಡುವೆ ಮೂರು ಗುಂಡಿ ಇಂಗ್ಲಿಷಿನಲ್ಲಿದ್ದರೆ ಯಾರೂ ದೂರುವುದಿಲ್ಲ. ಅಲ್ಲೊಂದು ಮಾತು ಇರಬೇಕಿತ್ತು, ಇಲ್ಲ ಎಂಬುದೇ ಮರೆತುಹೋಗುತ್ತದೆ. ಹಾಗೆಂದು ಆಸರೆಯೇ ಕೆಟ್ಟದ್ದಲ್ಲ. ವಿಕಿಪೀಡಿಯ ನಡೆಸುವ ಮೀಡಿಯಾವಿಕಿಯಲ್ಲಿ ತುಳುವಿನ ಮಾತು ಸಿಗದಿದ್ದರೆ ಮೊದಲು ಕನ್ನಡಕ್ಕೆ ಹೋಗುತ್ತದೆ, ಇಂಗ್ಲಿಷಿಗೆ ಆಮೇಲೆ. ಪಕ್ಕದ ಮನೆಯಲ್ಲಿ ಉಂಡ ಹಾಗೆ. (ತುಳುವರಿಗೆ ಇದು ಪಕ್ಕದ ಮನೆಯೋ ದೊಡ್ಡ ಮನೆಯೋ ಎಂಬ ಜಗಳ ಬೇರೆ.) ಹೊಸ ಭಾಷೆಗೊಂದು ವಿಕಿಪೀಡಿಯ ಬೇಕೆಂದರೆ ಅತಿ ಅಗತ್ಯದ ಗುಂಡಿಗಳ ಮಾತು ಆ ಭಾಷೆಯಲ್ಲಿ ಮೊದಲು ಸಿದ್ಧವಾಗಿರಬೇಕು. ತುಳುವರು ಅದನ್ನೆಲ್ಲ ಕೂತು ಮಾಡಿದರು, 2016ರಲ್ಲಿ ತುಳು ವಿಕಿಪೀಡಿಯ ಬಂತು.

ನಮ್ಮ ಪುಟದಲ್ಲಿ ಕಟ್ಟಕಡೆಯ ಆಸರೆಯ ಜಾಗದಲ್ಲಿ ಕನ್ನಡದ ಎರಡಕ್ಷರ ಬರೆದೆವು. ಕನ್ನಡ ಪುಟದ ಜೊತೆಗೇ ಬರುತ್ತದೆ, ಇಂಗ್ಲಿಷನ್ನು ತರಿಸಬೇಕು. ಒಂದೇ ಸಾಲಿನ ಬದಲಾವಣೆ. ಈಗ ಗುಡ್ಡದ ಮೇಲೆ ಸಿಗ್ನಲ್ ಹೋದರೆ ಇಂಗ್ಲಿಷ್ ಆರಿಸಿಕೊಂಡವರಿಗೆ ಕನ್ನಡ ಕಾಣುತ್ತದೆ. ದೆಹಲಿಯ ಪ್ರವಾಸಿಗೆ ತೊಂದರೆಯಲ್ಲವೇ ಎಂದು ಜೊತೆಗಾರನೊಬ್ಬ ಕೇಳಿದ. ಆಗುತ್ತದೆ. ಯಾರಿಗಾದರೂ ಆಗಲೇಬೇಕು, ಇಷ್ಟು ವರ್ಷ ಇಳಕಲ್ಲಿನ ಏಳನೇ ಕ್ಲಾಸಿನ ಹುಡುಗನಿಗೆ ಆಗಿದೆ. ಅದೇ ಗುಡ್ಡದ ಮೇಲೆ ಮೇಗುಟಿಯ ಗೋಡೆಯಲ್ಲಿ ರವಿಕೀರ್ತಿಯ ಶಾಸನವಿದೆ, ಶಕ 556, ಅಂದರೆ ಕ್ರಿ.ಶ. 634. ಇಮ್ಮಡಿ ಪುಲಕೇಶಿಯ ಹೊಗಳಿಕೆ, ಕಾಳಿದಾಸ ಭಾರವಿಯರ ಸಮಕ್ಕೆ ತನ್ನನ್ನು ಇಟ್ಟುಕೊಂಡ ಕವಿಯ ಹೆಮ್ಮೆ. ಭಾಷೆ ಸಂಸ್ಕೃತ, ಲಿಪಿ ಮಾತ್ರ ಈ ನೆಲದ್ದು. ಯಾವ ಭಾಷೆ ಹಾಗೇ ಇರಬೇಕು, ಯಾವುದನ್ನು ಯಾರಾದರೂ ಓದಿ ಹೇಳಬೇಕು ಎಂಬ ತೀರ್ಮಾನ ಆ ಗುಡ್ಡಕ್ಕೆ ಹೊಸದೇನಲ್ಲ.

ಎರಡನೆಯ ತೊಡಕು ವ್ಯಾಕರಣದ್ದು, ಇದು ನನ್ನ ಇಷ್ಟದ ವಿಷಯ, ಸ್ವಲ್ಪ ಸಹಿಸಿಕೊಳ್ಳಿ. ಕಡತದಲ್ಲಿ ಪೂರ್ತಿ ವಾಕ್ಯಗಳ ಜೊತೆ ಅರ್ಧ ವಾಕ್ಯಗಳೂ ಇರುತ್ತವೆ. ಊರಿನ ಹೆಸರು ಬರಬೇಕಾದಲ್ಲಿ ಒಂದು ಡಾಲರ್ ಚಿಹ್ನೆ, ಪಕ್ಕದಲ್ಲಿ 1. ಲೈಬ್ರರಿ ಆ ಜಾಗಕ್ಕೆ ಹೆಸರನ್ನು ತುಂಬುತ್ತದೆ. ಇಂಗ್ಲಿಷಿನಲ್ಲಿ ‘ಇನ್’ ಎಂದು ಬರೆದು ಮುಂದೆ ಯಾವ ಊರು ಹಾಕಿದರೂ ಸರಿ. ಕನ್ನಡದಲ್ಲಿ? ಐಹೊಳೆಯಲ್ಲಿ, ಹುನಗುಂದದಲ್ಲಿ, ಇಳಕಲ್ಲಿನಲ್ಲಿ. ಬಾದಾಮಿಗೆ ‘ಯ’ ಬೇಕು, ಗುಳೇದಗುಡ್ಡಕ್ಕೆ ‘ದ’ ಬೇಕು, ಪಟ್ಟದಕಲ್ಲಿಗೆ ‘ಇನ್’ ಬೇಕು. ಹೆಸರಿನ ಕೊನೆಯ ಸ್ವರ ನೋಡದೆ ಪ್ರತ್ಯಯ ಅಂಟುವುದಿಲ್ಲ. ಲೈಬ್ರರಿಗೆ ಆ ಕಣ್ಣಿಲ್ಲ. ಅದಕ್ಕೇ ನೀವು ಎಷ್ಟೋ ಆ್ಯಪುಗಳಲ್ಲಿ ‘ಬಾದಾಮಿ ನಲ್ಲಿ’, ‘ಹುನಗುಂದ ಗೆ’ ಎಂಬ, ಕಾಲು ಮುರಿದುಕೊಂಡು ಪಕ್ಕದಲ್ಲಿ ನಿಂತ ಪ್ರತ್ಯಯಗಳನ್ನು ನೋಡಿರುತ್ತೀರಿ. ಅನುವಾದ ಮಾಡಿದವರಿಗೆ ಕನ್ನಡ ಬರದೇ ಹೀಗಾಯಿತು ಅನ್ನುವ ಹಾಗಿಲ್ಲ. ಅವರ ಕೈಗೆ ಸಿಕ್ಕಿದ್ದು ಡಾಲರ್ ಒಂದು, ಅಷ್ಟೆ.

ಇದರಿಂದ ತಪ್ಪಿಸಿಕೊಳ್ಳಲು ಕನ್ನಡದ ಅನುವಾದಕರು ಒಂದು ಸೊಗಸಾದ ದಾರಿ ಕಂಡುಕೊಂಡಿದ್ದಾರೆ: ‘ಅವರು’. ಯಾವ ಹೆಸರೇ ಬರಲಿ, ಮುಂದೆ ‘ಅವರು’ ಸೇರಿಸಿದರೆ ಪ್ರತ್ಯಯದ ಭಾರವನ್ನು ಅದು ಹೊತ್ತುಕೊಳ್ಳುತ್ತದೆ. ಅವರಿಗೆ, ಅವರ, ಅವರಿಂದ. ಗಂಡೋ ಹೆಣ್ಣೋ ಎಂಬ ಪ್ರಶ್ನೆಯೂ ಹೋಯಿತು. ಕಂಪ್ಯೂಟರಿಗೆ ವಿಭಕ್ತಿ ಬರುವುದಿಲ್ಲವೆಂಬ ಒಂದೇ ಕಾರಣಕ್ಕೆ ಆ ಲೋಕದಲ್ಲಿ ಎಲ್ಲರಿಗೂ ಬಹುವಚನದ ಮರ್ಯಾದೆ ಸಿಗುತ್ತದೆ. ಊರುಗಳಿಗೆ ‘ಅವರು’ ಹಾಕಲಾಗದು. ನಾವು ‘ಊರಿನಲ್ಲಿ’ ಅಂದೆವು: ಐಹೊಳೆ ಊರಿನಲ್ಲಿ, ಹುನಗುಂದ ಊರಿನಲ್ಲಿ. ಹುನಗುಂದದವರು ತಮ್ಮದು ಊರಲ್ಲ, ತಾಲೂಕು ಎಂದು ನಕ್ಕರು. ಆದರೂ ಕಾಲು ಮುರಿದಿಲ್ಲ.

ಎಣಿಕೆಯದು ಇನ್ನೊಂದು ಕತೆ. ಯಾವ ಭಾಷೆಯಲ್ಲಿ ಎಷ್ಟಕ್ಕೆ ಏಕವಚನ, ಎಷ್ಟಕ್ಕೆ ಬಹುವಚನ ಎಂಬುದನ್ನು ಯೂನಿಕೋಡ್ ಸಂಸ್ಥೆಯ ಸಿಎಲ್‌ಡಿಆರ್ ಎಂಬ ಭಂಡಾರದಲ್ಲಿ ಬರೆದಿಟ್ಟಿದ್ದಾರೆ, ಲೈಬ್ರರಿಗಳು ಅದನ್ನೇ ನೋಡುತ್ತವೆ. ಅರೇಬಿಕ್‌ಗೆ ಆರು ವರ್ಗ. ಕನ್ನಡಕ್ಕೆ ಎರಡು, ಅದರಲ್ಲಿ ಸೊನ್ನೆ ಒಂದರ ಜೊತೆಗೆ ಕೂರುತ್ತದೆ, ಇಂಗ್ಲಿಷಿನ ಹಾಗೆ ಬಹುವಚನದ ಜೊತೆಗಲ್ಲ. ಗುಡಿಗಳಿಗೆ ಇಷ್ಟು ಸಾಕು. ಮನುಷ್ಯರಿಗೆ ಸಾಲದು. ಒಬ್ಬರು, ಇಬ್ಬರು, ಮೂವರು ಎಂದು ಸಂಖ್ಯೆಯೇ ರೂಪ ಬದಲಿಸುತ್ತದೆ, ಅಂಕಿಯಲ್ಲಿ ಬರೆದರೆ ಅದಕ್ಕೆ ಜಾಗವೇ ಇಲ್ಲ. ನಾವು ‘ಮಂದಿ’ ಹಾಕಿ ಮುಂದೆ ಹೋದೆವು. ಈ ಊರಿನ ಹೆಸರನ್ನು ಸಮುದ್ರ ದಾಟಿಸಿದ್ದೇ ಅಂಥ ಒಂದು ಪದ ಅನ್ನುವುದು ತಮಾಷೆ. ಅಯ್ಯಾವೊಳೆಯ ಐನೂರ್ವರು, ಆ ಕಾಲದ ದೊಡ್ಡ ವರ್ತಕ ಸಂಘ. ಅದನ್ನು ‘500 ಮಂದಿ’ ಎಂದು ಬರೆದು ನೋಡಿ, ಸಂತೆಗೆ ಬಂದ ಜನರಾಗುತ್ತಾರೆ. ಸಂಸ್ಕೃತದವರು ಅಯ್ಯಾವೊಳೆಯನ್ನು ಆರ್ಯಪುರ ಮಾಡಿಕೊಂಡರು, ತಮಿಳರು ಅಯ್ಯಪೊಳಿಲ್ ಅಂದರು, ಐನೂರ್ವರು ಅಲ್ಲಿ ಐಞ್ಞೂಟ್ರುವರ್ ಆದರು. ಸುಮಾತ್ರಾದ ಬಾರುಸ್ ಬಳಿಯ 1088ರ ತಮಿಳು ಶಾಸನದಲ್ಲಿ ಅವರಿದ್ದಾರೆ. ಊರಿನವರಿಗೆ ಕೇಳಿದರೆ ಪರಶುರಾಮ ಕೊಡಲಿ ತೊಳೆದಾಗ ನೀರು ಕೆಂಪಾದದ್ದು ಕಂಡು ಹೆಂಗಸೊಬ್ಬಳು ‘ಅಯ್ಯೋ ಹೊಳೆ’ ಅಂದಳು, ಅದಕ್ಕೇ ಐಹೊಳೆ. ಕಾಕಾ ಪ್ರವಾಸಿಗರಿಗೆ ಎರಡನ್ನೂ ಹೇಳುತ್ತಾನೆ, ಯಾವುದಕ್ಕೆ ಹೆಚ್ಚು ನಗುತ್ತಾರೋ ಅದನ್ನು ಉದ್ದ ಮಾಡುತ್ತಾನೆ.

ಆದರೆ ನಾನು ಹೇಳಬೇಕೆಂದು ಹೊರಟದ್ದು ಇನ್ನೊಂದು ಕಡತದ ವಿಷಯ. ಮೀಡಿಯಾವಿಕಿಯ ಮಾತುಗಳನ್ನೆಲ್ಲ ಜನ ಅನುವಾದಿಸುವುದು ‘ಟ್ರಾನ್ಸ್‌ಲೇಟ್‌ವಿಕಿ’ ಎಂಬ ತಾಣದಲ್ಲಿ. ಅಲ್ಲಿ ಕನ್ನಡ, ತುಳು, ಮರಾಠಿಗಳ ಸಾಲಿನಲ್ಲಿ ‘ಕ್ಯೂಕ್ಯೂಕ್ಯೂ’ ಎಂಬ ಭಾಷೆಯೂ ಒಂದಿದೆ. ಯಾರೂ ಆಡದ ಭಾಷೆ. ಭಾಷಾಸಂಕೇತಗಳ ಪಟ್ಟಿಯಲ್ಲಿ ಸ್ವಂತ ಬಳಕೆಗೆಂದು ಖಾಲಿ ಬಿಟ್ಟ ಸಂಕೇತಗಳಲ್ಲಿ ಒಂದನ್ನು ಇದಕ್ಕೆ ತೊಗೊಂಡಿದ್ದಾರೆ. ಈ ಕಡತದಲ್ಲಿ ಪ್ರತಿ ಕೀಲಿಕೈ ಮುಂದೆ ಅನುವಾದಕರಿಗೆ ಒಂದು ಟಿಪ್ಪಣಿ: ಈ ಮಾತು ಎಲ್ಲಿ ಬರುತ್ತದೆ, ಕ್ರಿಯಾಪದವೋ ನಾಮಪದವೋ, ಡಾಲರ್ ಒಂದರ ಜಾಗಕ್ಕೆ ಏನು ಬರಬಹುದು. ತೆರೆಯ ಮೇಲೆ ಇದು ಎಂದೂ ಕಾಣುವುದಿಲ್ಲ. ಕೆಲಸ ಬೇಗ ಮುಗಿಸಬೇಕೆಂದವರು ಮೊದಲು ಬಿಟ್ಟುಬಿಡುವುದೂ ಇದನ್ನೇ.

ಐಹೊಳೆಗೆ ಕೂತಾಗ ಇದಿಲ್ಲದೆ ಒಂದು ಹೆಜ್ಜೆ ಇಡಲಾಗಲಿಲ್ಲ. ಇಂಗ್ಲಿಷಿನ ‘ಓಪನ್’ ಎರಡು ಕಡೆ ಬಂತು. ನಕ್ಷೆಯ ಗುಂಡಿಗೆ ಅದು ‘ತೆರೆಯಿರಿ’, ದುರ್ಗದ ಗುಡಿಯ ಆವರಣದ ಮ್ಯೂಸಿಯಮ್ಮಿಗೆ ‘ತೆರೆದಿದೆ’. (ಶುಕ್ರವಾರ ತೆರೆದಿರುವುದಿಲ್ಲ, ನೆನಪಿಡಿ.) ‘ಟ್ಯಾಂಕ್’ ಅಂದರೆ ಹೊಂಡ, ಯುದ್ಧದ್ದಲ್ಲ, ಮನೆ ಮಾಳಿಗೆಯ ಮೇಲಿನದ್ದೂ ಅಲ್ಲ. ಇವೆಲ್ಲ ನಾನೇ ಬರೆಯಬಹುದಾದವು. ಗುಡಿಗಳ ಹೆಸರಿಗೆ ಬಂದಾಗ ಕಾಕಾನನ್ನು ಕೂರಿಸಿಕೊಂಡೆ. ಅವನು ಹೇಳುತ್ತ ಹೋದ, ನಾನು ಬರೆಯುತ್ತ ಹೋದೆ. ದುರ್ಗ: ಕೋಟೆ, ದೇವಿ ಅಲ್ಲ, ಹ್ರಸ್ವ. ಗೌಡರ: ಕಟ್ಟಿಸಿದವರ ಹೆಸರಲ್ಲ. ಮೇಗುಟಿ: ಮೇಲಿನ ಗುಡಿ, ದೇವರ ಹೆಸರಲ್ಲ, ಅದು ಜೈನರ ಬಸದಿ. ಲಾಡಖಾನ್: ಮನುಷ್ಯನ ಹೆಸರು, ಅನುವಾದ ಮಾಡಬೇಡಿ, ತೆಗೆಯಬೇಡಿ. ಕೊನೆಯ ಎರಡು ಪದ ಕಾಕಾ ಒತ್ತಿ ಹೇಳಿದ. ಯಾಕೆಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ, ಟಿಪ್ಪಣಿಯಲ್ಲಿ ಹಾಗೇ ಇದೆ.

“ಇದು ಮಂದಿಗೆ ಎಲ್ಲಿ ಕಾಣ್ತೈತಿ?” ಅಂತ ಕೇಳಿದ.

“ಕಾಣೂದಿಲ್ಲ ಕಾಕಾ. ಮುಂದ ಬ್ಯಾರೆ ಭಾಷಾಕ್ಕ ಮಾಡಾವ್ರಿಗೆ ಅಷ್ಟ.”

“ಹಂಗಾದ್ರ ಇನ್ನೂ ಛಲೋತ್ನ್ಯಾಗ ಬರಿ. ಕಾಣೂದಾದ್ರ ಯಾರಾದ್ರೂ ತಿದ್ದತಿದ್ರು.”

ಗುಡಿಗಳ ನಡುವೆ ಇರುವ ಮನೆಗಳನ್ನು ಬೇರೆ ಕಡೆಗೆ ಸ್ಥಳಾಂತರಿಸಬೇಕೆಂಬ ಮಾತು ಐಹೊಳೆಯಲ್ಲಿ ವರ್ಷಗಳಿಂದ ಇದೆ. ಸ್ಮಾರಕಗಳ ದೃಷ್ಟಿಯಿಂದ ಅದಕ್ಕೆ ಕಾರಣವಿದೆ, ಒಂದು ಶಿಲ್ಪದ ಪಕ್ಕ ಎಮ್ಮೆ ಕಟ್ಟಿದ್ದನ್ನು ಕಂಡು ಹೊಟ್ಟೆ ಉರಿದುಕೊಂಡವರಲ್ಲಿ ನಾನೂ ಇದ್ದೇನೆ. ಆದರೆ ಅಂಬಿಗೇರ ಗುಡಿ ಎಂಬ ಹೆಸರು ಬಂದದ್ದು ಅಲ್ಲಿ ಅಂಬಿಗರು ಇದ್ದುದರಿಂದ. ಮನೆಗಳು ಹೋದ ಮೇಲೂ ಫಲಕದ ಮೇಲೆ ಹೆಸರು ಇರುತ್ತದೆ, ಮೂರು ಭಾಷೆಯಲ್ಲಿ, ಚೆಂದಾಗಿ. ಹೆಸರಿನ ಅರ್ಥ ಹೇಳುವ ಬಾಯಿಗಳು ಬೇರೆಲ್ಲೋ ಸೈಟಿನಲ್ಲಿರುತ್ತವೆ. ದುರ್ಗದ ಗುಡಿಗೆ ಆಗಿದ್ದು ಅದೇ ಅಲ್ಲವೇ? ಕೋಟೆ ಯಾರಿಗೂ ಬೇಡವಾಯಿತು, ಕೀಲಿಕೈ ಉಳಿಯಿತು, ಟಿಪ್ಪಣಿ ಯಾರೂ ಬರೆದಿರಲಿಲ್ಲ. ನಮ್ಮ ಪುಟಕ್ಕೆ ಇಂಗ್ಲಿಷ್ ತರಿಸಲು ಒಂದು ಗಳಿಗೆ ಸಾಕು. ಕಾಕಾನ ಹತ್ತಿರ ಇರುವುದನ್ನು ತರಿಸುವ ಲೈಬ್ರರಿ ಇಲ್ಲ, ಎದುರಿಗೆ ಕೂರಬೇಕು. ಅವನಿಗೆ ಮೊಣಕಾಲು ನೋವು, ಹೋದ ಬೇಸಿಗೆಯಿಂದ ಮೇಗುಟಿ ಹತ್ತುವುದನ್ನು ಬಿಟ್ಟಿದ್ದಾನೆ. ಕೆಳಗೆ ನಿಂತು ಕೈ ತೋರಿಸುತ್ತಾನೆ.

ಮರಾಠಿ ಮಾಡುತ್ತಿರುವವಳು ಸೊಲ್ಲಾಪುರದ ಗೆಳತಿ. ಮನೆಮಾತು ಕನ್ನಡ, ಶಾಲೆ ಮರಾಠಿ. ಮಾತಾಡಿದರೆ ನಮ್ಮವಳೇ, ಕನ್ನಡ ಅಕ್ಷರ ಮಾತ್ರ ಕೂಡಿಸಿ ಕೂಡಿಸಿ ಓದುತ್ತಾಳೆ. ಆದ್ದರಿಂದ ಟಿಪ್ಪಣಿಗಳನ್ನು ಕಾಕಾನ ದನಿಯಲ್ಲೇ ಕಳಿಸಿದೆ. ಹೋದ ತಿಂಗಳು ಅವಳಿಂದ ಪ್ರಶ್ನೆ ಬಂತು: ಅಂಬಿಗ ಅಂದರೆ ದೋಣಿ ನಡೆಸುವ ನಾವಾಡಿಯೋ, ಮೀನು ಹಿಡಿಯುವ ಕೋಳಿಯೋ? ಮರಾಠಿಯಲ್ಲಿ ಬೇರೆ ಬೇರೆ ಆಗುತ್ತದೆ, ಟಿಪ್ಪಣಿಯಲ್ಲಿ ಅದಿಲ್ಲ.

ಕಾಕಾ ಫೋನ್ ಕಸಿದುಕೊಂಡ. “ಹೆಸರ ಹಂಗ ಇಡವ್ವಾ, ಅಂಬಿಗೇರ ಗುಡಿ ಅಂತ. ಕೆಳಗ ಬೇಕಾದ್ರ ಬರಿ, ಹೊಳಿ ದಾಟಸ್ತಿದ್ರು ಅಂತ. ಮಳಿಗಾಲ್ದಾಗ ಮಲಪ್ರಭಾ ತುಂಬಿದ್ರ ಅವರಿಲ್ದ ಆಚಿ ದಂಡಿಗೆ ಹೋಗೂ ಹಂಗ ಇರ್ಲಿಲ್ಲ. ನಮ್ಮ ಅವ್ವನ್ನ ಮದಿವ್ಯಾಗ ದಾಟಿಸಿದ್ದು ಅವರ. ಅವಳ ಕಡೆ ಒಂದ ಟ್ರಂಕು ಇತ್ತು...”

ಕಾಕು ಒಳಗಿನಿಂದ ರೊಟ್ಟಿ ಆರುತ್ತವೆ ಬರ್ರಿ ಅಂತ ಕೂಗಿದಳು. ಕಾಕಾ ಕೈಸನ್ನೆ ಮಾಡಿ ಟ್ರಂಕಿನ ಕತೆ ಮುಂದುವರಿಸಿದ. ಸೊಲ್ಲಾಪುರದವಳು ಆ ಕಡೆಯಿಂದ ಹೂಂ, ಹೂಂ ಅನ್ನುತ್ತಿದ್ದಳು. ನಾನು ಲ್ಯಾಪ್‌ಟಾಪ್ ತೆರೆದು ಅಂಬಿಗೇರ ಗುಡಿಯ ಕೀಲಿಕೈ ಮುಂದೆ ಟೈಪ್ ಮಾಡತೊಡಗಿದೆ.